ಅವಳು ಹೇಳಿದರೆ ನಾನೂ ಹೇಳುತ್ತೇನೆ

ಮನೆ, ಮೇಲಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ನರ್ಸಿಂಗ್ ಹಾಸ್ಟೆಲಿನ ಆ ಮೆಟ್ಟಿಲು ಹತ್ತಿಳಿದು ಸಾಕಾಗಿರುತ್ತದೆ, ಬಿಸಿನೀರಿನ ಶಾಖ ಮಾತ್ರ ತಪ್ಪಿಸಬೇಡ. ನರ್ಸುಗಳು ಊರಿಗೆಲ್ಲ ಬುದ್ಧಿ ಹೇಳಿ ತಾವು ಮಾತ್ರ ಕೇಳುವುದಿಲ್ಲ ಎಂದು ಅಮ್ಮನ ದೂರು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನೀನು ನರ್ಸಿಂಗ್ ಪರೀಕ್ಷೆಯಲ್ಲಿ ಫೇಲಾದ ಸಂಗತಿ ನನ್ನ ಹೊಟ್ಟೆಯಲ್ಲೇ ಇದೆ. ಅಮ್ಮನಿಗೂ ಹೇಳಿಲ್ಲ, ನಿನ್ನ ಮಗಳು ಗುಬ್ಬಿಗೂ ಹೇಳಿಲ್ಲ. ಆ ಹುಡುಗಿಯ ಕಿವಿಗೆ ಗೋಡೆ ಅಡ್ಡ ಬರುವುದಿಲ್ಲ, ಅದಕ್ಕೇ ಫೋನು ಬಿಟ್ಟು ಕಾಗದ. ನನಗೆ ಬಾಯಿಗಿಂತ ಪೆನ್ನೇ ವಾಸಿ ಎಂದು ನಿನಗೆ ಗೊತ್ತಲ್ಲ; ಮೂಗಬಸವ ಎಂದು ಹೆಸರಿಟ್ಟವಳೇ ನೀನು.

ಆ ಮೂಗಬಸವ ಹೋದ ತಿಂಗಳು ನಮ್ಮ ಸಂಶೋಧನಾ ತಂಡದ ಮೀಟಿಂಗಿನಲ್ಲಿ ಬಾಯಿ ಬಿಟ್ಟ! ಹದಿಹರೆಯದ ಮಕ್ಕಳು ತಮ್ಮ ಸ್ವಂತ ವಿಷಯಗಳನ್ನು ಓರಗೆಯವರೊಡನೆ ಎಷ್ಟು ಹಂಚಿಕೊಳ್ಳುತ್ತಾರೆ ಎಂದು ಅಳೆಯುವ ಪ್ರಶ್ನಾವಳಿ ನಮ್ಮದು. ತಂಡದ ಮುಖ್ಯಸ್ಥೆಯಾದ ಮೇಡಂ ಬರೆದ ವಾಕ್ಯಗಳನ್ನು ಮಕ್ಕಳ ಬಾಯಿಗೆ ಹೊಂದುವಂತೆ ಮಾಡುವುದು ನನ್ನ ಕೆಲಸ. ‘ನಕಾರಾತ್ಮಕ ಭಾವನೆಗಳನ್ನು ಸಮವಯಸ್ಕರಲ್ಲಿ ವ್ಯಕ್ತಪಡಿಸುತ್ತೇನೆ’ ಎಂಬುದನ್ನು ‘ಬೇಜಾರಾದಾಗ ಫ್ರೆಂಡ್ಸ್‌ಗೆ ಹೇಳ್ತೀನಿ’ ಎಂದು ಮಾಡಿದೆ. ಸಾಹಿತ್ಯ ಓದಿದ್ದು ಸಾರ್ಥಕವಾಯಿತು, ನಗಬೇಡ. ಪಕ್ಕದಲ್ಲಿ ‘ಯಾವಾಗಲೂ’ ಎಂಬುದರಿಂದ ‘ಇಲ್ಲವೇ ಇಲ್ಲ’ ಎಂಬುದರವರೆಗೆ ಚೌಕಗಳು. ಒಂದು ಶಾಲೆಯಲ್ಲಿ ಅದನ್ನು ಪ್ರಯೋಗಕ್ಕೆಂದು ತುಂಬಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಇವಳು ತನ್ನ ವಿಷ್ಯ ಹೇಳಿದ್ರೆ ನಾನೂ ಹೇಳ್ತೀನಿ. ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಾನ್ಯಾಕೆ ಹೇಳ್ಲಿ? ಇದಕ್ಕೆ ಎಲ್ಲಿ ಟಿಕ್ ಹಾಕೋದು?” ಪಕ್ಕದವಳು ಬಿಡಬೇಕಲ್ಲ, “ಸುಳ್ಳು ಸರ್, ಕೇಳದೆ ಇದ್ರೂ ಹೇಳ್ತಾಳೆ!” ಎಂದಳು. ಇಡೀ ತರಗತಿ ಗೊಳ್ಳೆಂದಿತು. ನನಗೆ ಮಾತ್ರ ನಗು ಬರಲಿಲ್ಲ, ಏಕೆಂದರೆ ಅವಳ ಮಾತಿಗೆ ನಮ್ಮ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಮೀಟಿಂಗಿನಲ್ಲಿ ಎದೆ ಗಟ್ಟಿ ಮಾಡಿಕೊಂಡು, ‘ಅವರು ತಮ್ಮ ವಿಷಯ ಹೇಳಿದರೆ ನಾನೂ ಹೇಳುತ್ತೇನೆ’ ಎಂಬ ವಾಕ್ಯ ಸೇರಿಸೋಣ ಎಂದೆ. ಮೇಡಂ ಕನ್ನಡಕ ತೆಗೆದು ನೋಡಿದರು. “ಇಷ್ಟು ದಿನ ಈ ಬಾಯಿ ಎಲ್ಲಿಟ್ಟಿದ್ರಿ?” ಎಂದರು. ಮುಂದಿನ ಶಾಲೆಯಲ್ಲಿ ‘ಯಾವಾಗಲೂ’ ಟಿಕ್ ಅತಿ ಹೆಚ್ಚು ಬಿದ್ದದ್ದು ಆ ವಾಕ್ಯಕ್ಕೇ.

ಇನ್ನು ನಿನ್ನ ಮಾತಿಗೆ ಬರುತ್ತೇನೆ. ‘ಗುಬ್ಬಿ ನನ್ನ ಹತ್ತಿರ ಬಾಯೇ ಬಿಡಲ್ಲ, ನೀನು ಮಕ್ಕಳ ಗುಟ್ಟು ಅಳೆಯೋನು ತಾನೆ, ಅವಳಿಗೂ ಒಂದು ಹಾಳೆ ಕೊಟ್ಟು ಏನಿದೆ ಅಂತ ತಿಳ್ಕೋ’ ಎಂದು ಬರೆದಿದ್ದೀಯ. ಕೊಡುವುದಿಲ್ಲ ಅಕ್ಕಾ. ನಮ್ಮ ಹಾಳೆಯಲ್ಲಿ ಹೆಸರೂ ಇರುವುದಿಲ್ಲ, ಗುಟ್ಟೂ ಇರುವುದಿಲ್ಲ. ಹೇಳಿಕೊಳ್ಳುವ ಅಭ್ಯಾಸ ಎಷ್ಟಿದೆ ಎಂಬುದಷ್ಟೇ ಇರುತ್ತದೆ. ಅವಳಿಗೆ ಆ ಅಭ್ಯಾಸ ಧಾರಾಳವಾಗಿದೆ. ಗೆಳತಿ ಬಂದರೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕತ್ತಲಾಗುವವರೆಗೆ ಪಿಸಪಿಸ. ಮೇಲೆ ಬರಲು ನಾನೇ ಕೆಮ್ಮಬೇಕು. ನಿನ್ನ ಫೋನ್ ಬಂದಾಗ ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿರುತ್ತೇನೆ. ಊಟ ಆಯ್ತಾ? ಹೂಂ. ಹೋಮ್‌ವರ್ಕ್? ಹೂಂ. ಅಜ್ಜಿ ಮಾತು ಕೇಳ್ತಿದ್ದೀಯಾ? ಹೂಂ. ನೀನು ಹೇಗಿದ್ದೀಯ ಎಂದು ಅವಳು ಕೇಳಿದರೆ, “ನನಗೇನೇ ಧಾಡಿ, ಕಲ್ಲುಗುಂಡಿನ ಹಾಗಿದ್ದೀನಿ” ಎನ್ನುತ್ತೀಯ. ಕಲ್ಲುಗುಂಡಿಗೆ ಯಾರು ತಾನೇ ಮನಸ್ಸು ಬಿಚ್ಚಿ ಹೇಳುತ್ತಾರೆ?

ಕಿರಿಯವನ ಬಾಯಿ ಉದ್ದವಾಯಿತು ಎಂದು ಮುನಿಸಿಕೊಳ್ಳಬೇಡ. ಅಮ್ಮ ನಿನ್ನನ್ನು ಮನಸಾರೆ ಹರಸಿದ್ದಾಳೆ. ನಿನ್ನ ಮುತ್ತನ್ನು ಗುಬ್ಬಿಗೆ ತಲುಪಿಸಿದೆ. ಕೆನ್ನೆ ಒರೆಸಿಕೊಂಡಳು, ಆದರೆ ನಕ್ಕಳು.

ನಿನ್ನ ತಮ್ಮ,
ಈಗೀಗ ಸ್ವಲ್ಪ ಮಾತಾಡುವ ಮೂಗಬಸವ

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಹೇಳಲೇಬೇಕು. ನಿನ್ನೆ ತಟ್ಟೆ ಒರೆಸುತ್ತಾ ಗುಬ್ಬಿ ಕೇಳಿದಳು: “ಮಾಮ, ಅಮ್ಮಂಗೆ ಬೇಜಾರು ಅನ್ನೋದೇ ಆಗಲ್ವಾ?” ಅದು ನೀನೇ ಹೇಳಬೇಕಾದ ಉತ್ತರ. ಮುಂದಿನ ಸಲ ಫೋನ್ ಮಾಡಿದಾಗ ಊಟದ ವಿಷಯ ಕೇಳಬೇಡ, ಪರೀಕ್ಷೆಯಲ್ಲಿ ಫೇಲಾದದ್ದನ್ನು ಹೇಳು. ಹೇಳಿದ ಮೇಲೆ ಆ ಕಡೆಯಿಂದ ಸದ್ದೇ ಬರದಿರಬಹುದು. ಲೈನ್ ಹೋಯಿತೆಂದುಕೊಂಡು ಇಟ್ಟುಬಿಡಬೇಡ ಅಕ್ಕಾ, ಅವಳಿಗೆ ಮಾತು ಶುರು ಮಾಡಲು ಸ್ವಲ್ಪ ಹೊತ್ತು ಬೇಕು.