ಕೈ ನೋವಿದೆಯೇ, ಜ್ವರವಿದೆಯೇ

ಮಾರ್ಚ್ 3, ಸೋಮವಾರ

ಬೆಳಗಿನಿಂದ ಫೋನೇ ಫೋನು. ಲಸಿಕೆ ಹಾಕಿಸಿಕೊಂಡ ಹುಡುಗಿಯರ ಮನೆಗೆಲ್ಲ ಅದೇ ಪ್ರಶ್ನೆ — ಕೈ ನೋವಿದೆಯೇ? ಜ್ವರವಿದೆಯೇ? ತಲೆ ಸುತ್ತುತ್ತದೆಯೇ? ಎಚ್‌ಪಿವಿ ಲಸಿಕೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುತ್ತದೆ ಎಂದು ಹೊಗಳುವುದಕ್ಕೆ ಬೇರೆಯವರಿದ್ದಾರೆ. ಅದರಿಂದ ಏನೇನು ತೊಂದರೆ ಎಂದು ಹುಡುಕುವುದು ನನ್ನ ಕೆಲಸ. ಸಾಹೇಬರು ನನ್ನನ್ನು "ನಮ್ಮ ಆಫೀಸಿನ ಅಪಶಕುನ" ಅನ್ನುವುದು ಇದಕ್ಕೇ.

ಒಬ್ಬ ತಾಯಿ: "ಸೂಜಿ ಹಾಕ್ಸಿದ್ಮೇಲೆ ನನ್ ಮಗಳು ತಿಂದ ತಟ್ಟೆ ಎತ್ತಿಡ್ತಿಲ್ಲ ಮೇಡಂ. ಅದನ್ನೂ ಬರ್ಕೊಳ್ಳಿ."

ಮೊದಲು ಎತ್ತಿಡುತ್ತಿದ್ದಳೇ ಎಂದು ಕೇಳಿದೆ.

"ಮೊದ್ಲೂ ಇಲ್ಲ ಬಿಡಿ."

ಬರೆದುಕೊಳ್ಳಲಿಲ್ಲ.

ಸಂಜೆ ಅಕ್ಕನ ಮನೆ. ಅವಳ ಮಗಳ ಶಾಲೆಯಲ್ಲಿ ಈ ವಾರ ಕ್ಯಾಂಪ್. ಗುರುವಾರ ದೊಡ್ಡ ತರಗತಿಗಳಿಗೆ, ಆಮೇಲೆ ಗಿಣಿಯ ತರಗತಿಗೆ. (ಬಾಯಿಗೆ ಬಿಡುವೇ ಇಲ್ಲ, ಅದಕ್ಕೇ ಗಿಣಿ.) ಒಪ್ಪಿಗೆ ಕೊಡೇ ಎಂದೆ. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಮ್ಮ ಹೋದದ್ದು ಇದೇ ಕ್ಯಾನ್ಸರಿನಲ್ಲಿ. ಆ ವರ್ಷವೆಲ್ಲ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತವಳು ಅಕ್ಕ. ಅಂದಿನಿಂದ ಸೂಜಿ ಕಂಡರೆ ಮುಖ ತಿರುಗಿಸುತ್ತಾಳೆ. ಕ್ಯಾನ್ಸರ್ ಎಂಬ ಮಾತು ಬಂದರೂ ಅಷ್ಟೇ. ನಡುವೆ ಸಿಕ್ಕಿಕೊಂಡವಳು ಗಿಣಿ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಗಿಣಿಯ ಶಾಲೆಯಿಂದ ಫೋನ್. ಕ್ಯಾಂಪಿನಲ್ಲಿ ಹುಡುಗಿಯರು ತಲೆಸುತ್ತಿ ಬೀಳುತ್ತಿದ್ದಾರಂತೆ. ಒಬ್ಬಳಲ್ಲ, ಹತ್ತು ಹನ್ನೆರಡು ಜನ. ಹೊರಟೆ.

ಅದೇ ದಿನ, ಸಂಜೆ

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲರೂ ಎದ್ದು ಕೂತಿದ್ದರು. ಬಿಸ್ಕತ್ತು ತಿನ್ನುತ್ತ ತಮ್ಮದೇ ವಿಡಿಯೋ ನೋಡುತ್ತಿದ್ದರು. ಅಷ್ಟರಲ್ಲಿ ಊರೆಲ್ಲ ಅದನ್ನು ನೋಡಿಯಾಗಿತ್ತು. ಒಬ್ಬಳಿಗೆ ಮಾತ್ರ ಮೈತುಂಬ ಗಂಧೆ ಎದ್ದು ಉಸಿರು ಬಿಗಿದಿತ್ತು. ನರ್ಸ್ ತಕ್ಷಣ ಔಷಧ ಕೊಟ್ಟಿದ್ದಾಳೆ, ಇಳಿದಿದೆ. ಮೊಟ್ಟಮೊದಲು ಬಿದ್ದವಳು ಒಬ್ಬ ಉದ್ದನೆಯ ಹುಡುಗಿ. ಗಲ್ಲಕ್ಕೆ ಹೊಲಿಗೆ. ಅವಳ ಅಪ್ಪ ಬಸ್ ಡ್ರೈವರ್, ಸಮವಸ್ತ್ರದಲ್ಲೇ ಓಡಿಬಂದಿದ್ದರು.

"ನನ್ ಮಗಳಿಗೆ ಏನ್ ಚುಚ್ಚಿದ್ರಿ? ನೀವೇ ಹೇಳಿ, ಏನ್ ಚುಚ್ಚಿದ್ರಿ?"

ಗೊತ್ತಿಲ್ಲ ಸರ್, ಹುಡುಕುತ್ತೇನೆ ಎಂದೆ. ಗೊತ್ತಿಲ್ಲ ಅನ್ನುವ ಡಾಕ್ಟರು ಯಾರಿಗೆ ಬೇಕು? ಬೈಗುಳವೆಲ್ಲ ನನ್ನ ಪಾಲಿಗೆ.

ಕ್ಯಾಂಪ್ ಬಂದ್. ಹದಿನೇಳಕ್ಕೆ ತನಿಖಾ ಸಮಿತಿ ಕೂರುತ್ತದೆ. ಲಸಿಕೆಯದೇ ತಪ್ಪು ಎಂದಾದರೆ ಇಡೀ ಊರಿನಲ್ಲಿ ಇದರ ಮಾತು ಇನ್ನು ಯಾರೂ ಎತ್ತುವುದಿಲ್ಲ.

ಅಕ್ಕನ ಫೋನ್: "ನೋಡಿದ್ಯಾ? ನನ್ ಮಗಳ ತಂಟೆಗೆ ಬಂದ್ರೆ ಸುಮ್ನಿರಲ್ಲ ನೋಡು." ಇಟ್ಟೇಬಿಟ್ಟಳು. ಬಹಳ ನೋವಾಯಿತು.

ಮಾರ್ಚ್ 8, ಶನಿವಾರ

ಶಾಲೆಯ ಹಾಲಿನಲ್ಲಿ ಒಬ್ಬಳೇ ಕ್ಯೂ ನಿಂತು ನೋಡಿದೆ. ಅಟೆಂಡರ್‌ಗೆ ನನ್ನ ತಲೆ ಕೆಟ್ಟಿದೆ ಅನಿಸಿರಬೇಕು. ಒಂದೇ ಬಾಗಿಲು. ಒಳಗೆ ಹೋಗುವುದೂ ಅದರಲ್ಲೇ, ಹೊರಗೆ ಬರುವುದೂ ಅದರಲ್ಲೇ. ಚುಚ್ಚಿಸಿಕೊಂಡು ಅಳುತ್ತ ಬರುವವಳು ಕಾಯುವವರ ಮೂಗಿನ ಮುಂದೆಯೇ ಹಾಯಬೇಕು. ಕೂರಲು ಬೆಂಚಿಲ್ಲ. ನನಗೇ ಕಾಲು ಸೋತಿತು.

ಬಿದ್ದ ಹುಡುಗಿಯರನ್ನು ಕೂರಿಸಿಕೊಂಡು ಕೇಳಿದೆ: ಅವತ್ತು ಬೆಳಿಗ್ಗೆ ಏನು ತಿಂದಿರಿ?

ಒಬ್ಬರ ಮುಖ ಒಬ್ಬರು ನೋಡಿದರು. "ಖಾಲಿ ಹೊಟ್ಟೇಲಿ ಬರ್ಬೇಕು ಅಂತ ಮೈಕಲ್ಲಿ ಹೇಳಿದ್ರಲ್ಲ ಮೇಡಂ?"

ಹೆಡ್ ಮಿಸ್ ಹತ್ತಿರ ಓಡಿದೆ.

"ಹೋದ್ ವರ್ಷ ರಕ್ತ ಪರೀಕ್ಷೆಗೆ ಹಾಗೇ ತಾನೆ ಮಾಡಿದ್ದು? ಸೂಜಿ ಅಂದ್ಮೇಲೆ ಎಲ್ಲಾ ಒಂದೇ ಅಂದ್ಕೊಂಡೆ," ಎಂದವರು ನನ್ನ ಮುಖ ನೋಡಿ ಅಲ್ಲೇ ಕುಸಿದು ಕೂತರು. "ಅಯ್ಯೋ, ನಾನೇ ಮಕ್ಕಳನ್ನ ಬೀಳಿಸಿದ್ನಾ?"

ಬೈಯಬೇಕೆಂದು ಹೋದವಳು ನೀರು ಕುಡಿಸಿ ಬಂದೆ.

ಆದರೂ... ಹಸಿವು ಒಂದು ಕಾರಣ, ಅಷ್ಟೇ. ಲಸಿಕೆ ಮೈಗೆ ಹೋದಮೇಲೆ ಬಿದ್ದರಲ್ಲ?

ಮಾರ್ಚ್ 9, ಭಾನುವಾರ

ಸಿಕ್ಕಿತು! ಸಿಕ್ಕಿತು!

ಉದ್ದನೆಯ ಹುಡುಗಿಯ ಮನೆಗೆ ಹೋದೆ. ಡ್ರೈವರ್ ಒಳಗೆ ಕರೆಯಲಿಲ್ಲ. ಹುಡುಗಿಯನ್ನೇ ಗೇಟಿನ ಹತ್ತಿರ ಕರೆದರು. ನನ್ನದು ದಿನದ ಪ್ರಶ್ನೆಯೇ — ಕೈ ನೋವಿದೆಯೇನಮ್ಮ?

"ಇಲ್ಲ ಮೇಡಂ."

ಯಾವ ಕೈಗೆ ಹಾಕಿದರು, ತೋರಿಸು?

ಅವಳು ಎಡಗೈ ನೋಡಿಕೊಂಡಳು, ಬಲಗೈ ನೋಡಿಕೊಂಡಳು. "ಯಾವ ಕೈಗೂ ಇಲ್ಲ. ನನ್ ಮುಂದಿದ್ದೋಳು ಕಿರುಚ್ಕೊಂಡ್ಲು. ನಂಗೆ ಕಣ್ ಕತ್ತಲೆ ಬಂತು. ಎದ್ದಾಗ ಆಸ್ಪತ್ರೇಲಿದ್ದೆ."

ಯಾರಿಗೂ ಹೇಳಲಿಲ್ಲವೇ?

"ಯಾರೂ ಕೇಳ್ಲಿಲ್ಲ."

ನಿಜ. ಹೇಗಿದ್ದೀಯ ಎಂದು ಎಲ್ಲರೂ ಕೇಳಿದೆವು. ಚುಚ್ಚಿದರೇ ಎಂದು ಒಬ್ಬರೂ ಕೇಳಲಿಲ್ಲ. ಸಾಲು ಬೇಗ ಸಾಗಲಿ ಎಂದು ನರ್ಸ್‌ಗಳು ಬಾಗಿಲಲ್ಲೇ ಎಲ್ಲರ ಕಾರ್ಡಿಗೂ ಸೀಲು ಒತ್ತಿಬಿಟ್ಟಿದ್ದರು. ಸೀಲು ನೋಡಿ ನಾವೆಲ್ಲ ಹಾಕಿಸಿಕೊಂಡವಳು ಎಂದು ನಂಬಿದೆವು. ಅಪಶಕುನವೂ ನಂಬಿತು.

ಡ್ರೈವರ್ ಗೇಟು ಹಿಡಿದು ನಿಂತೇ ಇದ್ದರು. "ಚುಚ್ಚೇ ಇಲ್ವಾ? ಮತ್ತೆ ನಾನು ಇಷ್ಟ್ ದಿನ ಕೂಗಾಡಿದ್ದು?" ಆಮೇಲೆ, "ಒಳಗ್ ಬನ್ನಿ, ಕಾಫಿ ಕುಡೀರಿ."

ಅಲ್ಲಿಂದ ಸೀದಾ ಉಳಿದವರ ಮನೆಗಳಿಗೆ. ಇನ್ನೂ ಮೂವರು ಸೂಜಿ ತಾಗುವ ಮೊದಲೇ ಬಿದ್ದವರು! ಮಿಕ್ಕವರು ಚುಚ್ಚಿದ ಕೂಡಲೇ ಎದ್ದು ಬರುವಾಗ, ಮೊದಲು ಬಿದ್ದವರನ್ನು ನೋಡಿ ತಾವೂ ಬಿದ್ದವರು. ಹಸಿವು, ಸೆಕೆ, ಹೆದರಿಕೆ. ರಸ್ತೆಯಲ್ಲಿ ಒಬ್ಬಳೇ ನಗುತ್ತ ಬಂದೆ. ಎದುರಿಗೆ ಬಂದವರು ದಾರಿ ಬಿಟ್ಟರು.

ಮಾರ್ಚ್ 17, ಸೋಮವಾರ

ವಾರವೆಲ್ಲ ವರದಿ ಬರೆದದ್ದೇ. ಸಮಿತಿಗೆ ಹೋಗುವ ಮುನ್ನ ಸಾಹೇಬರು ಓದಿದರು, ಕುಣಿಯುವುದೊಂದು ಬಾಕಿ. ಕೊನೆಯ ಪುಟಕ್ಕೆ ಬಂದಾಗ ಮುಖ ಇಳಿಯಿತು.

"ಈ ಗಂಧೆ ಎದ್ದ ಹುಡುಗೀನ ಬಿಟ್ಬಿಡಿ. ಗೆದ್ದಾಗಿದೆ, ಸುಮ್ನೆ ಮೈಮೇಲೆ ಯಾಕೆ ಎಳ್ಕೋತೀರಿ?"

ಬಿಡುವುದಿಲ್ಲ ಎಂದೆ. ಅದು ಹಸಿವಿನಿಂದ ಬಂದದ್ದಲ್ಲ, ಹೆದರಿಕೆಯಿಂದ ಬಂದದ್ದಲ್ಲ. ಲಸಿಕೆಯಿಂದಲೇ ಬಂದದ್ದು. ಅಪರೂಪ, ಆದರೆ ಬಂತು. ಅವಳನ್ನು ಬಿಟ್ಟರೆ ಉಳಿದದ್ದನ್ನು ಯಾಕೆ ನಂಬಬೇಕು? ದನಿ ಏರಿತು. ಪಕ್ಕದ ಕೋಣೆಯ ಟೈಪಿಂಗ್ ನಿಂತಿತು.

"ಅಪಶಕುನ ಅಂತ ಸುಮ್ನೆ ಕರೀತೀನಾ ನಾನು," ಎಂದು ಗೊಣಗುತ್ತ ಸಹಿ ಹಾಕಿದರು. ಒಳ್ಳೆಯ ಮನುಷ್ಯ.

ಸಮಿತಿ ಒಪ್ಪಿತು. ಒಂದು ಷರತ್ತು — ಅಪ್ಪ ಅಮ್ಮಂದಿರು ಒಪ್ಪಿದರೆ ಮಾತ್ರ ಮತ್ತೆ ಕ್ಯಾಂಪ್.

ಮಾರ್ಚ್ 22, ಶನಿವಾರ

ಹಾಲ್ ಭರ್ತಿ. ಕೊನೆಯ ಸಾಲಿನಲ್ಲಿ ಅಕ್ಕ. ಅವತ್ತಿನಿಂದ ಮಾತಿಲ್ಲ. ಹೆಡ್ ಮಿಸ್ ಎದ್ದು, ಖಾಲಿ ಹೊಟ್ಟೆ ಮಾಡಿಸಿದ್ದು ತಾನೇ ಎಂದು ಎಲ್ಲರೆದುರು ಹೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಡ್ರೈವರ್ ಎದ್ದರು.

"ಹಾಗಾದ್ರೆ ಈ ಲಸಿಕೆಯಿಂದ ಏನೂ ತೊಂದ್ರೆ ಇಲ್ಲ ಅಂತೀರಾ?"

ಸಾಹೇಬರು ನನ್ನತ್ತ ನೋಡಿ ಜೋರಾಗಿ ತಲೆಯಾಡಿಸಿದರು. ಇಲ್ಲ ಅನ್ನಲಿ ಎಂದು.

"ಇದೆ," ಎಂದೆ.

ಒಂದೊಂದಾಗಿ ಹೇಳಿದೆ. ತೋಳು ನೋಯುತ್ತದೆ, ಬಹಳ ಜನಕ್ಕೆ. ಕೆಲವರಿಗೆ ಒಂದೆರಡು ದಿನ ಜ್ವರ, ತಲೆನೋವು. ತಲೆಸುತ್ತು ಬರಬಹುದು, ಅದಕ್ಕೇ ಕೂರಿಸಬೇಕು, ಆಮೇಲೂ ಸ್ವಲ್ಪ ಹೊತ್ತು ಬಿಡಬಾರದು. ತೀರಾ ಅಪರೂಪಕ್ಕೆ ಅಲರ್ಜಿ. ನಮ್ಮಲ್ಲೇ ಒಬ್ಬಳಿಗೆ ಆಯಿತು. ಔಷಧ ಕೈಗೆಟುಕುವಲ್ಲಿತ್ತು, ಉಳಿದಳು. ಅವಳಿಗೆ ಮತ್ತೆ ಕೊಡುವುದಿಲ್ಲ. ಇಷ್ಟು ನನಗೆ ಗೊತ್ತು. ನನ್ನ ಅಮ್ಮನಿಗೆ ಆದದ್ದು ಏನೆಂಬುದೂ ಗೊತ್ತು.

ಕೊನೆಯ ಮಾತು ಹೇಳಬೇಕೆಂದಿರಲಿಲ್ಲ. ಬಂದುಬಿಟ್ಟಿತು. ಅಕ್ಕ ತಲೆ ತಗ್ಗಿಸಿದಳು.

ಡ್ರೈವರ್ ಇನ್ನೂ ನಿಂತೇ ಇದ್ದರು. "ಗಾಡಿ ಸೂಪರ್ ಆಗಿದೆ ಸಾರ್ ಅನ್ನೋ ಮೆಕ್ಯಾನಿಕ್‌ನ ನಾನ್ ನಂಬಲ್ಲ. ಇಂಥದ್ದು ಸವೆದಿದೆ, ನೋಡ್ಕೊಂಡು ಓಡ್ಸಿ ಅಂತಾನಲ್ಲ, ಅವನ ಮಾತ್ ಕೇಳ್ತೀನಿ. ನನ್ ಮಗಳ ಹೆಸ್ರು ಮೊದ್ಲು ಬರ್ಕೊಳ್ಳಿ."

ಒಂದೊಂದೇ ಕೈ ಮೇಲೆದ್ದಿತು. ಆಮೇಲೆ ಎಣಿಸಲಾಗಲಿಲ್ಲ, ಕಣ್ಣು ಮಂಜಾಗಿತ್ತು. ಒರೆಸಿಕೊಂಡು ನೋಡಿದರೆ ಅಕ್ಕನ ಕುರ್ಚಿ ಖಾಲಿ.

ಮಾರ್ಚ್ 29, ಶನಿವಾರ. ಶಾಲೆಯ ಸ್ಟಾಫ್ ರೂಮು, ಹನ್ನೆರಡೂವರೆ

ಗೆದ್ದೆವು! ಬರಲು ಒಂದು ಬಾಗಿಲು, ಹೋಗಲು ಇನ್ನೊಂದು. ಎಲ್ಲರಿಗೂ ಬೆಂಚು. ತಲೆಸುತ್ತುವವರಿಗೆ ಚಾಪೆ. ಸೀಲು ಚುಚ್ಚಿದ ಮೇಲೆ ಮಾತ್ರ. ಹೆಡ್ ಮಿಸ್ ಮೈಕ್ ಬಿಡುತ್ತಿಲ್ಲ: "ತಿಂಡಿ ತಿನ್ನದೋರು ಒಳಗೆ ಕಾಲಿಡೋ ಹಾಗಿಲ್ಲ!" ಮೂರು ಸಲ ತಿನ್ನಿಸಿದರು ಎಂದು ಒಬ್ಬಳ ದೂರು. ಉದ್ದನೆಯ ಹುಡುಗಿ ಮೊದಲನೆಯವಳು. ಕಣ್ಣು ಪಿಳುಕಿಸಲಿಲ್ಲ. ಡ್ರೈವರ್ ಮಾತ್ರ ಅತ್ತ ತಿರುಗಿ ಗೋಡೆ ನೋಡುತ್ತಿದ್ದರು.

ಈವರೆಗೆ ಒಬ್ಬಳೂ ಬಿದ್ದಿಲ್ಲ. ಒಬ್ಬಳಿಗೆ ತಲೆ ಸುತ್ತಿತು — ಮಲಗಿಯೇ ಇದ್ದಳು, ಬೀಳಲು ಜಾಗವೇ ಇರಲಿಲ್ಲ. ಸಾಹೇಬರು ಎಲ್ಲರಿಗೂ ಕೈ ಕುಲುಕುತ್ತ ಓಡಾಡುತ್ತಿದ್ದಾರೆ. ಕಿಟಕಿ ಒರೆಸುವವನಿಗೂ.

ಮತ್ತೆ ಈಗ... ಅಕ್ಕ ಬಂದಿದ್ದಾಳೆ. ಗಿಣಿಯ ಜೊತೆ. ನನ್ನ ಎದುರು ಬಂದು ನಿಂತಳು.

"ಚುಚ್ಚೋದಾದ್ರೆ ನೀನೇ ಚುಚ್ಬೇಕು. ನಾನು ನೋಡ್ತೀನಿ ಕಣೇ. ಈ ಸಲ ಮುಖ ತಿರುಗ್ಸಲ್ಲ."

ಕೈ ತೊಳೆದು ಬರುತ್ತೇನೆ ಎಂದು ಇಲ್ಲಿಗೆ ಓಡಿಬಂದೆ. ತೊಳೆದಿದ್ದೇನೆ. ಸಂತೋಷ ತಡೆಯಲಾಗುತ್ತಿಲ್ಲ. ಇದೊಂದನ್ನು ಬರೆದಿಟ್ಟೇ ಹೋಗುತ್ತೇನೆ. ಗಿಣಿಯ ಕೂಗು ಇಲ್ಲಿಗೇ ಕೇಳುತ್ತಿದೆ — "ಚಿಕ್ಕೀ, ಅಂಗಿ ತೋಳು ಮಡಚಿ ಆಯ್ತು, ಬೇಗ ಬಾ, ಅಮ್ಮ ನನ್ ಕೈ ಮುರಿಯೋ ಹಾಗೆ ಹಿಡ್ಕೊಂಡಿದಾಳೆ!" ಬಂದೆ ಬಂದೆ. ನನ್ನ ಅಕ್ಕ ನೋಡುತ್ತಿರುವಾಗಲೇ ನಾನು...