ಕನ್ನಡಿಗೋಲಿಗೆ ಬೊಟ್ಟು ಇಡಬೇಡಿ

ಅಳಿವೆಬಾಯಿ
ಅಧಿಕ ಮಾಸದ ಮೇಲಿನ ಅಧಿಕ ಮಾಸ, ಮೂವತ್ತೇಳನೇ ತಾರೀಖು, ಮಧ್ಯಾಹ್ನ
ಕಡಲು ಒಳಗೆ ಬಂದ ಮೇಲಿನ ನೂರಾನಾಲ್ಕನೇ ವರ್ಷ

ಮನೆಯಲ್ಲಿ ಲೋಡರ್ ಟ್ರ್ಯಾಕ್ಟರು ಇಟ್ಟುಕೊಂಡಿರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದ ಮಂಗಳಿ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟ ಮೇಲೆ, ಅದು ಬರುವ ತನಕ ನಮ್ಮವರು ತಿಂಗಳನ್ನೇ ಎಳೆಯುತ್ತಾರೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಾನು ಓದಿದ್ದು ಮೂರನೇ ಪುಸ್ತಕದವರೆಗೆ, ನಾಲ್ಕನೆಯದು ನಮ್ಮೂರಲ್ಲಿ ಇರಲೇ ಇಲ್ಲ. ಈ ಕಾಗದಕ್ಕೆ ನಾವು ಹಿಂಬರಹ ಅನ್ನುತ್ತೇವೆ. ದೊಡ್ಡ ಇಳಿತದ ದಿನ ಕಡಲು ನೆಲವನ್ನಷ್ಟೇ ಅಲ್ಲ, ವರ್ಷಗಳನ್ನೂ ಬಿಟ್ಟು ಹಿಂದಕ್ಕೆ ಹೋಗುತ್ತದೆ ಎಂದು ಉಪ್ಪು ತೆಗೆಯುವವರು ಹೇಳುತ್ತಾರೆ. ಆ ಹೊತ್ತಿನಲ್ಲಿ ಮಡಕೆಗೆ ಕಾಗದ ಹಾಕಿ, ಬಾಯಿಗೆ ಮೇಣ ಮೆತ್ತಿ ಬಿಟ್ಟರೆ ನಿಮ್ಮ ಕಾಲಕ್ಕೆ ಮುಟ್ಟುತ್ತದಂತೆ. ಒಂದು ಮನೆಗೆ ಒಂದೇ ಸಲ. ಬೇರೆಯವರು ಬೀಜ ಕೇಳಿದ್ದಾರೆ, ಔಷಧಿ ಕೇಳಿದ್ದಾರೆ, ಸತ್ತ ಅಜ್ಜಿಯ ಮುಖ ಹೇಗಿತ್ತೆಂದು ಕೇಳಿದವರೂ ಇದ್ದಾರೆ. ನಾನು ನಮ್ಮ ಮನೆಯ ಒಂದೇ ಹಿಂಬರಹವನ್ನು ಸೋರುವ ಸಿಲಿಂಡರಿಗೆ ಖರ್ಚು ಮಾಡುತ್ತಿದ್ದೇನೆ. ತಪ್ಪೋ ಸರಿಯೋ ಎಂದು ಬೆಳಗಿನಿಂದ ಕೇಳಿಕೊಂಡೆ, ಕಡೆಗೆ ಬರೆಯಲು ಕೂತೆ.

ನಮ್ಮೂರು ಹೊಳೆ ಕಡಲಿಗೆ ಸೇರುವಲ್ಲಿದೆ. ಬೇಸಿಗೆಯಲ್ಲಿ ಕಡಲು ಮರಳು ತಂದು ಹೊಳೆಯ ಬಾಯಿ ಮುಚ್ಚುತ್ತದೆ, ಅದು ನಮಗೆ ಒಳ್ಳೆಯದೇ, ಉಪ್ಪುನೀರು ಗದ್ದೆಗೆ ಬರುವುದಿಲ್ಲ. ಆದರೆ ಘಟ್ಟದ ಮೇಲೆ ಮಳೆ ಬಿದ್ದ ಕೂಡಲೇ ಆ ಮರಳ ದಿಬ್ಬ ಕಡಿದು ಬಾಯಿ ಬಿಡಿಸಬೇಕು. ಇಲ್ಲವಾದರೆ ಹೊಳೆ ಹಿಂದಕ್ಕೆ ತಿರುಗಿ ಮನೆಯೊಳಗೆ ಬರುತ್ತದೆ. ಕಡಿಯುವುದು ದೊಡ್ಡಕೈ. ನೀವು ಲೋಡರ್ ಅನ್ನುತ್ತಿದ್ದಿರಿ: ಟ್ರ್ಯಾಕ್ಟರಿನ ಮುಂದೆ ಎರಡು ತೋಳು, ತುದಿಯಲ್ಲಿ ಬಕೆಟ್ಟು. ತೋಳನ್ನು ಎತ್ತುವ ಸಿಲಿಂಡರಿನೊಳಗಿಂದ ಹೊರಬರುವ ಬೆಳ್ಳನೆ ಹೊಳೆಯುವ ರಾಡಿಗೆ ನಾವು ಕನ್ನಡಿಗೋಲು ಅನ್ನುತ್ತೇವೆ, ಮುಖ ಕಾಣುತ್ತದಲ್ಲ. ದೊಡ್ಡಕೈ ನಿಮ್ಮ ಕಾಲದ್ದೇ. ಅಂಥದ್ದನ್ನು ಮತ್ತೊಂದು ಮಾಡುವವರು ಈಗ ಯಾರೂ ಇಲ್ಲ. ಅದು ಮರಳು ತೋಡುವಾಗ ಹೊಂಡದ ಗೋಡೆ ಕುಸಿಯದಂತೆ ತೆಂಗಿನ ಗರಿಯ ತಟ್ಟಿ ಒತ್ತಿ ಹಿಡಿಯಲು ಒಬ್ಬರು ಕೆಳಗೆ ಇಳಿಯಬೇಕು. ಅವರು ಹೊಂಡದಾಳು. ಮರಳು ತುಂಬಿದ ಬಕೆಟ್ಟು ಅವರ ತಲೆಯ ಮೇಲಿಂದಲೇ ಹಾದು ಹೋಗುತ್ತದೆ. ಮನೆಗೊಂದು ಸರದಿ. ಈ ಸಲ ನಮ್ಮ ಮನೆಯದು. ನನ್ನ ಮಂಡಿ ಹಿಡಿದಿದೆ, ಹಾಗಾಗಿ ಮಗಳು ಬೆಳ್ಳಿ ಇಳಿಯಬೇಕೆಂದು ಊರು ಹೇಳಿದೆ.

ಹೋದ ವಾರ ದೊಡ್ಡಕೈಯನ್ನು ಹೊರಗೆ ತಂದು ಬಕೆಟ್ಟು ಎತ್ತಿ ನಿಲ್ಲಿಸಿ ಎಲ್ಲರೂ ಗಂಜಿಗೆ ಕೂತಿದ್ದೆವು. ಗಂಜಿ ಮುಗಿಯುವಷ್ಟರಲ್ಲಿ ಬಕೆಟ್ಟು ಯಾರೂ ಇಳಿಸದೆ ನೆಲಕ್ಕೆ ಬಂದು ಕೂತಿತ್ತು. ಎಡಗಡೆ ಸಿಲಿಂಡರಿನ ಕೆಳಗೆ ಮರಳು ಕಪ್ಪಾಗಿತ್ತು. ಬಕೆಟ್ಟಿನ ಕೆಳಗೆ ಬೆಳ್ಳಿಯ ತಲೆ ಇದ್ದ ಹಾಗೆಯೇ ನನಗೆ ಕಂಡಿತು. ಅದನ್ನು ಓಡಿಸುವವನು ನನ್ನ ಭಾವ ಹಮ್ಮಣ್ಣ. ಅವನಿಗೆ ತೋರಿಸಿದರೆ ನಕ್ಕ.

“ಅದು ಬೆವ್ರು ಮಾರಾಯ್ತಿ. ದುಡಿಯೋ ಜೀವ ಬೆವರ್ದೇ ಇರ್ತದಾ?”

ನೀನು ಎಷ್ಟು ಬೆವರಿದರೂ ಯಾರ ತಲೆಯ ಮೇಲೂ ಬೀಳುವುದಿಲ್ಲ ಎಂದೆ. ಅವನು ನಗು ನಿಲ್ಲಿಸಿ ನಟ್ಟು ಬಿಚ್ಚುವ ಪಾನಾ ತಂದ.

ನಮ್ಮಲ್ಲಿ ಸೀಲು ಕತ್ತರಿಸುವುದು ನನ್ನ ಕೆಲಸ. ನಿಮ್ಮ ರಬ್ಬರಿನ ಸೀಲುಗಳು ನನ್ನ ಅತ್ತೆಯ ಕಾಲಕ್ಕೇ ಮುಗಿದವು. ಈಗ ಎಮ್ಮೆ ತೊಗಲನ್ನು ಹೊನ್ನೆ ಎಣ್ಣೆಯಲ್ಲಿ ನೆನೆಸಿ, ಅಚ್ಚಿಗೆ ಒತ್ತಿ, ಬಟ್ಟಲಿನ ಆಕಾರಕ್ಕೆ ತರುತ್ತೇವೆ. ಬಟ್ಟಲಿನ ಬಾಯಿ ಎಣ್ಣೆ ತಳ್ಳುವ ಕಡೆಗೇ ಇರಬೇಕು, ತಿರುಗಿಸಿ ಕೂರಿಸಿದರೆ ಹಾಕಿಯೂ ಹಾಕದ ಹಾಗೆ. ಬಕೆಟ್ಟನ್ನು ನೆಲಕ್ಕೆ ಊರಿ, ಲಿವರನ್ನು ಹಿಂದೆ ಮುಂದೆ ಆಡಿಸಿ ಒಳಗಿನ ಒತ್ತಡ ಬಿಟ್ಟು, ಪಿನ್ನು ಹೊಡೆದು ತೆಗೆದು, ಸಿಲಿಂಡರನ್ನು ಇಳಿಸಿದೆವು. ಹಮ್ಮಣ್ಣ ಭಾವ ಬಾಯಿಯ ನಟ್ಟು ಬಿಚ್ಚಿ ಕೋಲು ಎಳೆದ. ಒಳಗಿನ ತೊಗಲು ಸೋತಿತ್ತು, ಅದನ್ನು ದಾಟಿ ಬಂದ ಎಣ್ಣೆ ಬಾಯಿಯ ತೊಗಲನ್ನೂ ದಾಟಿ ಹೊರಗೆ ಬರುತ್ತಿತ್ತು. ಸವೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸವೆದಿರಲಿಲ್ಲ, ಸೀಳಿತ್ತು. ಕೋಲಿನ ಉದ್ದಕ್ಕೂ ಉಗುರಿಗೆ ಸಿಗುವಂಥ ಗೀರುಗಳಿದ್ದವು. ಸೀಲು ಕೂರುವ ಸಂದಿಯಲ್ಲಿ ಕೆಂಪು ಮಣ್ಣು ಕಟ್ಟಿಕೊಂಡಿತ್ತು. ನಮ್ಮ ದಿಬ್ಬದ ಮರಳು ಬಿಳಿ. ಆ ಕೆಂಪು ಎಲ್ಲಿಂದ ಬಂತೆಂದು ಬೆರಳಲ್ಲಿ ಉಜ್ಜಿ ನೋಡಿದೆ, ಕೂಡಲೇ ಗೊತ್ತಾಯಿತು, ಗೊತ್ತಾಗದೇ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ದೊಡ್ಡಕೈ ಕೆಲಸಕ್ಕೆ ಹೊರಡುವ ಮುಂಚೆ ಅದಕ್ಕೆ ಬೊಟ್ಟು ಇಡುತ್ತೇವೆ. ಮುಖ ಕಾಣುವ ಜಾಗವೇ ಅದರ ಹಣೆ ಎಂದು ಕನ್ನಡಿಗೋಲಿಗೇ ಇಡುತ್ತೇವೆ. ನಿಮ್ಮ ಕಾಲದಲ್ಲಿ ಆಯುಧಪೂಜೆಗೆ ಮೆತ್ತನೆಯ ಕುಂಕುಮ ಇತ್ತಂತೆ. ನಮಗೆ ಅದಿಲ್ಲ. ಕೆಂಪು ಜಂಬಿಟ್ಟಿಗೆ ಕಲ್ಲು ಅರೆದು ಎಣ್ಣೆಯಲ್ಲಿ ಕಲಸುತ್ತೇವೆ. ಕಲ್ಲು ಎಷ್ಟು ಅರೆದರೂ ಕಲ್ಲೇ. ಕೋಲು ಒಳಗೆ ಹೋಗುವಾಗ ಬೊಟ್ಟನ್ನೂ ಎಳೆದುಕೊಂಡು ಹೋಗಿ ತೊಗಲನ್ನು ಕುಯ್ಯುತ್ತದೆ. ಹೀಗೆ ಎಷ್ಟು ತಲೆಮಾರಿನಿಂದ ನಾವೇ ಪೂಜೆ ಮಾಡಿ ಕೆಡಿಸಿ, ಕೆಟ್ಟಿತೆಂದು ಮುಂದಿನ ಸಲ ಇನ್ನೂ ದೊಡ್ಡ ಬೊಟ್ಟು ಇಟ್ಟಿದ್ದೇವೋ.

ಬೊಟ್ಟು ಇಡುವ ಹಿರಿಯಳು ಬುದವಂತಿ ಅಜ್ಜಿ. ಊರಿನ ಎಲ್ಲ ಬಾಣಂತನ ಮಾಡಿದ ಕೈ ಅದು. ಅವಳ ಮುಂದೆ ಹೋಗಿ ನಿಂತೆ. ಕೆಂಪು ಮಣ್ಣನ್ನು ಎಲೆಯ ಮೇಲಿಟ್ಟು ತೋರಿಸಿದೆ. ಅಜ್ಜಿ ಅದನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

“ನಿನ್ನ ಮಗಳ ತಲೆ ಮೇಲೆ ನಿಲ್ಲೂ ಕೈ ಅದು. ಅದ್ರ ಹಣೆ ಬರಿದು ಮಾಡಿ ಕಳ್ಸೂಕೆ ಮನಸ್ಸು ಹೇಗೆ ಬಂತೇ ನಿಂಗೆ?”

ಬರಿದು ಮಾಡುವುದು ಬೇಡ ಅಜ್ಜಿ, ಬಕೆಟ್ಟಿನ ಬೆನ್ನಿಗೆ ಇಡು ಎಂದೆ. ಹಣೆ ಬಿಟ್ಟು ಬೆನ್ನಿಗೆ ಬೊಟ್ಟು ಇಡುವ ಸೊಸೆಯನ್ನು ನೋಡಿದ್ದೀಯಾ ಎಂದು ಕೇಳಿದಳು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ, ಅಳು ಬರುತ್ತಿತ್ತು. ಕಡೆಗೆ ಅಜ್ಜಿ, ಹೆತ್ತವಳು ಅಷ್ಟು ಹೇಳಿದ ಮೇಲೆ ಆಗಲಿ, ಈ ಒಂದು ಸಲ ಎಂದಳು. ನಾನು ಸಾಣೆಕಲ್ಲಿನಿಂದ ಕೋಲಿನ ಗೀರುಗಳನ್ನು ಸುತ್ತ ಸುತ್ತ ತೀಡಿ ಮಟ್ಟ ಮಾಡಿದೆ, ಉದ್ದಕ್ಕೆ ತೀಡಬಾರದು, ಎಣ್ಣೆಗೆ ದಾರಿಯಾಗುತ್ತದೆ. ಊರಲ್ಲಿ ಉಳಿದಿದ್ದ ಒಳ್ಳೆಯ ತೊಗಲು ಅಷ್ಟೂ ಮುಗಿಯಿತು. ಸಿಲಿಂಡರು ಏರಿಸಿ ಬಕೆಟ್ಟಿಗೆ ಕಲ್ಲು ತುಂಬಿ ಎತ್ತಿ ನಿಲ್ಲಿಸಿದೆವು. ಬೆಳಿಗ್ಗೆ ನಿಂತದ್ದು ಸಂಜೆಗೂ ಅಲ್ಲೇ ಇತ್ತು. ಆ ದಿನ ನಾನು ಎರಡು ಸಲ ಗಂಜಿ ಉಂಡೆ.

ಇವತ್ತು ಬೆಳಿಗ್ಗೆ ಅಜ್ಜಿ ಮಾತಿನಂತೆ ಬಕೆಟ್ಟಿನ ಬೆನ್ನಿಗೇ ಬೊಟ್ಟು ಇಟ್ಟಳು. ಹಮ್ಮಣ್ಣ ಭಾವ ತೋಳು ಇಳಿಸಿ ಎತ್ತಿ ನೋಡಿ, ದೊಡ್ಡಕೈಯನ್ನು ದಿಬ್ಬಕ್ಕೆ ಒಯ್ದು ನಿಲ್ಲಿಸಿದ. ನಾನು ಸಮಾಧಾನಕ್ಕೆಂದು ಹಿಂದೆ ಹೋಗಿ ಕೋಲು ನೋಡಿದೆ. ಕೆಂಪಾಗಿತ್ತು. ಒಬ್ಬರದಲ್ಲ, ಎಷ್ಟೋ ಬೆರಳಿನದು. ಎತ್ತಿ ನಿಲ್ಲಿಸಿದ್ದ ತೋಳನ್ನು ಭಾವ ಇಳಿಸುವ ಮೊದಲೇ ಜನ ಒಬ್ಬರಿಗೊಬ್ಬರು ಕಾಣದ ಹಾಗೆ ಬಂದು, ಬೆಳ್ಳಿಗೆ ಏನೂ ಆಗದಿರಲಿ ಎಂದು, ಇಟ್ಟು ಹೋಗಿದ್ದರು. ಅರ್ಧ ಬೊಟ್ಟುಗಳು ಆಗಲೇ ಒಳಗೆ ಹೋಗಿದ್ದವು. ಎಲ್ಲಕ್ಕಿಂತ ಕೆಳಗಿನ ಬೊಟ್ಟು ಹಸಿಯಿತ್ತು. ಮನೆಗೆ ಬಂದರೆ ಬೆಳ್ಳಿಯ ಬೆರಳು ಕೆಂಪು.

“ನೀ ಹೊಸ ತೊಗಲು ಹಾಕಿದ್ದೆ, ನಂಗೊತ್ತು ಅವ್ವಿ,” ಎಂದಳು. “ಆದ್ರೂ ನಂಗೆ ಹೆದ್ರಿಕೆ.”

ದಿಬ್ಬಕ್ಕೆ ಮರಳಿ ಹೋದೆ. ಹೊರಗೆ ಉಳಿದದ್ದನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಬಂದೆ. ಒಳಗೆ ಹೋದದ್ದನ್ನು ತೆಗೆಯಬೇಕೆಂದರೆ ಮತ್ತೆ ಬಿಚ್ಚಬೇಕು. ಬಿಚ್ಚಿದರೆ ಹಾಕಲು ತೊಗಲಿಲ್ಲ, ಇದ್ದರೂ ನೆನೆಸಲು ದಿನಗಳಿಲ್ಲ. ಹೊಳೆ ಈಗಾಗಲೇ ಕೆಳಗಿನ ಮನೆಗಳ ಮೆಟ್ಟಿಲಿಗೆ ಬಂದಿದೆ. ನಾಳೆಯ ಇಳಿತಕ್ಕೆ ಬಾಯಿ ಬಿಡಿಸಲೇಬೇಕು.

ಅದಕ್ಕೇ ನಿಮ್ಮನ್ನು ಕೇಳುವುದು. ನಾವು ಯಾರ ಮಾತೂ ಕೇಳುವವರಲ್ಲ, ಹಿರಿಯರು ಮಾಡಿದ್ದನ್ನು ಮಾತ್ರ ಮಾಡುತ್ತೇವೆ. ಆ ಹಿರಿಯರು ನೀವು. ಬರುವ ಆಯುಧಪೂಜೆಗೆ ನಿಮ್ಮ ಕುಂಕುಮ, ವಿಭೂತಿ, ಅರಿಶಿನ ಎಲ್ಲವನ್ನೂ ಬಕೆಟ್ಟಿಗೆ ಇಡಿ, ಬೋನೆಟ್ಟಿಗೆ ಇಡಿ, ಚಕ್ರಕ್ಕೆ ಇಡಿ. ಹೊಳೆಯುವ ರಾಡನ್ನು ಮುಟ್ಟಬೇಡಿ. ಮಕ್ಕಳು ನೋಡುವ ಹಾಗೆ ಇಡಿ, ನೆಲ ಒರೆಸುವ ಬಟ್ಟೆಯಿಂದಲ್ಲ, ಒಳ್ಳೆಯ ಬಟ್ಟೆಯಿಂದ ರಾಡನ್ನು ಒರೆಸುವುದೇ ಪೂಜೆ ಎಂದು ಹೇಳಿಕೊಡಿ. ನಿಮ್ಮಲ್ಲಿ ಒಬ್ಬರು ಮಾಡಿದರೂ ಅದು ಕೈಯಿಂದ ಕೈಗೆ ನಮ್ಮ ತನಕ ಬಂದೀತು. ಬಂದಿದ್ದರೆ ನಾಳೆ ಬೆಳಿಗ್ಗೆ ಕೋಲಿನ ಮೇಲೆ ಗೀರು ಇರಬಾರದು, ಬಕೆಟ್ಟು ರಾತ್ರಿಯಿಡೀ ನಿಂತೇ ಇರಬೇಕು.

ಸಂಜೆಯ ಇಳಿತಕ್ಕೆ ಮಡಕೆ ಬಿಡಬೇಕು, ನಿಲ್ಲಿಸುತ್ತೇನೆ. ಓದಿದ ಕೂಡಲೇ ಗಡಿಬಿಡಿ ಮಾಡಿ ಯಾರೂ ಎಡವಿ ಬೀಳಬೇಡಿ. ಕಾಗದ ಮುಟ್ಟದಿದ್ದರೆ ನಿಮ್ಮ ತಪ್ಪೂ ಅಲ್ಲ. ಹೇಗಿದ್ದರೂ ಹೊಂಡಕ್ಕೆ ನಾನೇ ಇಳಿಯುತ್ತೇನೆ, ಮಂಡಿಗೆ ಬಟ್ಟೆ ಬಿಗಿದುಕೊಂಡರಾಯಿತು. ಬೆಳ್ಳಿಗೆ ಇನ್ನೂ ಹೇಳಿಲ್ಲ.

ನಿಮ್ಮ
ಮಂಗಳಿ