ಏಳನೆಯ ಮನೆಯ ಉತ್ತರ

ಕುಲಿಯಾಪಿಟಿಯ, ಶ್ರೀಲಂಕಾ
೧೭ ಆಗಸ್ಟ್ ೨೦೨೨

ಪ್ರೀತಿಯ ಅಮ್ಮಾ,

ಕುವೈತಿನ ಬಿಸಿಲಿಗೆ ನಿನ್ನ ತಲೆನೋವು ಹೇಗಿದೆ? ಮೇಡಂ ಮನೆಯ ಮೂರು ಮಹಡಿ ಹತ್ತಿಳಿಯುವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಇಲ್ಲಿ ಮೂವರೂ ಆರೋಗ್ಯ. ಅಜ್ಜಿಯ ಕೆಮ್ಮು ನಿಂತಿದೆ, ಅಪ್ಪನ ಮೀಸೆ ಪೂರ್ತಿ ಬೆಳ್ಳಗಾಗಿದೆ. ಶುಕ್ರವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲ, ಪಕ್ಕದಲ್ಲೇ ಅಪ್ಪ ನಿಂತಿದ್ದ. "ಈ ಬೆಲೆಯೇರಿಕೆಗೆ ಸರ್ಕಾರ ಕೊಡೋ ಪರಿಹಾರದ ದುಡ್ಡಲ್ಲಿ ಮನೆ ನಡೆಯುತ್ತಾ? ನಿಜ ಹೇಳು. ನಡೆಯೋದಾದ್ರೆ ಅಕ್ಟೋಬರಿಗೆ ಬಂದ್ಬಿಡ್ತೀನಿ, ಇಲ್ದಿದ್ರೆ ಇನ್ನೆರಡು ವರ್ಷಕ್ಕೆ ಸಹಿ ಹಾಕ್ತೀನಿ" ಅಂದೆಯಲ್ಲ. ಸೋಮಲತಾ ಚಿಕ್ಕಮ್ಮ ಇವತ್ತು ಕುವೈತಿಗೆ ವಾಪಸು ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ.

ನಿನ್ನ ಆ ಪ್ರಶ್ನೆಯನ್ನೇ ಒಂದು ತಿಂಗಳಿಂದ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ, ಈಗ ಅದೇ ನನ್ನ ಕೆಲಸ. ಕೊಲಂಬೊದ ಒಂದು ಕಂಪನಿ ಜನಾಭಿಪ್ರಾಯ ಅಳೆಯುತ್ತಿದೆ. ಬೀದಿಯಲ್ಲಿ ಪ್ರತಿ ಏಳನೆಯ ಮನೆಗೆ ಹೋಗಬೇಕು, ಮನೆಗೊಂದೇ ಉತ್ತರ. ನನ್ನ ಹತ್ತಿರ ಒಂದು ರಟ್ಟಿದೆ, ಅದರ ಮೇಲೆ ಸಣ್ಣದರಿಂದ ದೊಡ್ಡದಕ್ಕೆ, ಒಂದರಿಂದ ಐದರವರೆಗೆ ಅಂಕಿ ಹಾಕಿದ ಐದು ವೃತ್ತ. ಪರಿಹಾರ ಏನೇನೂ ಸಾಲದು ಎನ್ನುವವರು ಒಂದನ್ನು, ಧಾರಾಳ ಸಾಕು ಎನ್ನುವವರು ಐದನ್ನು ಮುಟ್ಟಬೇಕು. ಚೀಲ ಹಾಕಿಕೊಂಡು ಬಂದವಳು ಪರಿಹಾರದ ಪಟ್ಟಿ ಬರೆಯುವವಳೇ ಎಂದು ಜನ ತಿಳಿಯುತ್ತಾರೆ. ಒಂದು ಮನೆಯ ಮುದುಕಿ ಅಕ್ಕಿ ಮೂಟೆಗೆ ಸೀರೆ ಹೊದಿಸಿ ಅದರ ಮೇಲೇ ಕೂತು, ಒಂದನ್ನು ಮೂರು ಸಲ ಮುಟ್ಟಿದಳು. ನಿವೃತ್ತ ಮೇಷ್ಟರೊಬ್ಬರು ಇಸ್ತ್ರಿ ಅಂಗಿ ತೊಟ್ಟು, ಬೆಲ್ಲದ ಚೂರಿನ ಜೊತೆ ಹಾಲಿಲ್ಲದ ಚಹಾ ಕೊಟ್ಟು, ನಾಲ್ಕನ್ನು ಮುಟ್ಟಿದರು. ಅವರ ಹೆಂಡತಿ ಹಿಂದೆ ನಿಂತು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ನಾನು ನಾಲ್ಕು ಎಂದೇ ಬರೆದೆ.

ನಡುವೆ ಬಿಟ್ಟುಹೋಗುವ ಆರು ಮನೆಗಳದು ಇನ್ನೊಂದು ಪುರಾಣ. ಹೇಮಮಾಲಿ ಎಂಬವಳು ಕೈಲಿದ್ದ ಸೌದೆ ಸಮೇತ ಹಿಂದೆಯೇ ಬಂದಳು. "ಏನ್ ತಂಗಿ, ನಮ್ಮನೆ ಹಾರಿಸ್ಕೊಂಡು ಹೋದ್ಯಲ್ಲ, ನಮ್ಮ ಒಲೆ ಮೇಲೆ ಬಿರಿಯಾನಿ ಬೇಯ್ತಾ ಇದ್ಯಾ?" ನಾನು ಏಳರ ಲೆಕ್ಕ ವಿವರಿಸಿದೆ. "ಹಸಿವೂ ಹಂಗೇ ಎಣಿಸ್ಕೊಂಡು ಬರುತ್ತಾ?" ಎಂದಳು. ಅವಳ ಮಾತು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಸೋಮವಾರ ನಮ್ಮ ಬೀದಿಯ ಸರದಿ. ಎಣಿಸುತ್ತಾ ಬಂದರೆ ಏಳನೆಯದು ನಮ್ಮದೇ ಮನೆ. ಸ್ವಂತ ಮನೆಯವರನ್ನು ನಾವು ಕೇಳುವಂತಿಲ್ಲ, ಅದಕ್ಕೆ ಜೊತೆ ಕೆಲಸದ ಸುಮುದು ಬಂದಳು. ನಾನು ಅಡುಗೆಮನೆಯಲ್ಲಿ ಒಲೆ ಊದುತ್ತಾ ಕೇಳಿಸಿಕೊಂಡೆ. ಗ್ಯಾಸ್ ಇಲ್ಲದೆ ಮೂರು ತಿಂಗಳಾಯಿತು, ಒಲೆಯ ಮೇಲಿದ್ದದ್ದು ಹಲಸಿನಕಾಯಿ, ಬೆಳಿಗ್ಗೆಯದೂ ಅದೇ. ಅಪ್ಪನ ಆಟೋ ಪೆಟ್ರೋಲಿಲ್ಲದೆ ಅಂಗಳದಲ್ಲಿ ನಿಂತಿದೆ, ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿದೆ. ಅಪ್ಪ ಯೋಚನೆಯನ್ನೇ ಮಾಡದೆ ಐದನ್ನು ಮುಟ್ಟಿದನಂತೆ. ಅಷ್ಟು ಸಾಲದೆಂದು ಅಜ್ಜಿ ತಡವರಿಸಿಕೊಂಡು ಬಂದು, "ಬರ್ಕೊ ಮಗಳೇ, ಧಾರಾಳ ಸಾಕು, ಮಿಕ್ಕಿ ಮಿಗುತ್ತೆ" ಎಂದಳು. ಸುಮುದು ಒಮ್ಮೆ ಅಡುಗೆಮನೆಯ ಕಡೆ ನೋಡಿ ಐದು ಎಂದು ಬರೆದುಕೊಂಡು ಹೋದಳು.

ಅವಳು ಹೋದಮೇಲೆ ಅಜ್ಜಿಯನ್ನು ಕೇಳಿದೆ, ಇದೇನು ಸುಳ್ಳು ಎಂದು. ಈ ಉತ್ತರವೆಲ್ಲ ಪತ್ರಿಕೆಯಲ್ಲಿ ಬಂದು ಕುವೈತಿನಲ್ಲಿ ನೀನು ಓದುತ್ತೀಯ ಎಂದು ಅವಳ ಲೆಕ್ಕ. "ಸಾಲ್ದು ಅಂದ್ರೆ ಅವಳ ಕಿವಿಗೆ ಬೀಳುತ್ತೆ, ಬಿದ್ರೆ ಅವಳು ಬರಲ್ಲ. ಇನ್ನೆರಡು ವರ್ಷ ಅಂತಾಳಲ್ಲ, ಅಷ್ಟು ಆಯಸ್ಸನ್ನ ನಾನೇನು ಸೆರಗಲ್ಲಿ ಗಂಟು ಕಟ್ಕೊಂಡಿದೀನಾ?" ಎಂದಳು. ಆಮೇಲೆ ಹಲಸು ಬೆಂದಿತೇ ಎಂದು ಕೇಳಿದಳು.

ಅಂತೂ ನಮ್ಮ ಮನೆ ತೃಪ್ತರ ಸಾಲಿಗೆ ಸೇರಿದೆ. ಕೇಳುವವರು ತಮ್ಮ ಅಭಿಪ್ರಾಯ ಬೆರೆಸಬಾರದು ಎಂದು ತರಬೇತಿಯಲ್ಲಿ ಹೇಳಿದ್ದಾರೆ, ಆದ್ದರಿಂದ ಕೇಳಿಸಿದ್ದನ್ನಷ್ಟೇ ಬರೆದಿದ್ದೇನೆ. ಅಜ್ಜಿ ನಿನ್ನ ತಲೆ ಸವರಿದಳೆಂದು ತಿಳಿದುಕೊ. ಅಪ್ಪ ನಿನ್ನ ಕ್ಷೇಮ ಕೇಳಿದ್ದಾನೆ. ನಾನು ನಿನ್ನ ಪಾದ ಮುಟ್ಟಿದ್ದೇನೆ.

ನಿನ್ನ ಮಗಳು
ಇನೋಕಾ

ಮತ್ತೆ: ವ್ಯಾನು ಬಂತು, ಚಿಕ್ಕಮ್ಮ ಕೂಗುತ್ತಿದ್ದಾಳೆ. ಆ ರಟ್ಟನ್ನು ನನ್ನ ಮುಂದೆ ಯಾರೂ ಹಿಡಿಯಲಿಲ್ಲ. ಹಿಡಿದಿದ್ದರೆ ಒಂದನ್ನೇ ಮುಟ್ಟುತ್ತಿದ್ದೆ. ಸಾಲುವುದಿಲ್ಲ ಅಮ್ಮಾ. ನೀನು ಬಂದರೆ ನೀನು ಕಳಿಸುವ ದುಡ್ಡೂ ನಿಂತು, ಇನ್ನೂ ಸಾಲುವುದಿಲ್ಲ. ಸಹಿ ಹಾಕಬೇಡ, ಬಾ.